‘ಅರ್ಥವಾಯ್ತು’ ಅಂದ ಮಕ್ಕಳು ಮರುದಿನ ಯಾಕೆ ತಪ್ಪು ಮಾಡುತ್ತಾರೆ?

ಪ್ರಶ್ನೆ: ನಾನು ಮೂರನೇ ತರಗತಿಯ ಹೊಸ ಶಿಕ್ಷಕಿ. ತರಬೇತಿಯಲ್ಲಿ ಕಲಿಕೆಯ ಸಿದ್ಧಾಂತ ಕೊಟ್ಟ ಮನೋವಿಜ್ಞಾನಿಗಳಾದ ಪಿಯಾಜೆ, ವೈಗೊಟ್‌ಸ್ಕಿ, ಸ್ಕಿನ್ನರ್ ಎಲ್ಲರನ್ನೂ ಓದಿದ್ದೇನೆ. ಪಾಠ ಯೋಜನೆಯನ್ನೂ ತಪ್ಪದೆ ಬರೆಯುತ್ತೇನೆ. ಆದರೆ ಇವತ್ತು ‘ಅರ್ಥವಾಯ್ತು’ ಅಂದ ಮಕ್ಕಳೇ ನಾಳೆ ಕಳೆಯುವ ಲೆಕ್ಕ ತಪ್ಪು ಮಾಡುತ್ತಾರೆ. ಯಾವ ಸಿದ್ಧಾಂತ ಹಿಡಿದು ಯೋಜನೆ ಬರೆಯಲಿ?

ಉತ್ತರ: ಸಿದ್ಧಾಂತ ಆಮೇಲೆ ನೋಡೋಣ, ಮೊದಲು ಮಕ್ಕಳ ನೋಟ್‌ಬುಕ್ ತೆರೆಯಿರಿ. 52ರಲ್ಲಿ 27 ಕಳೆಯಿರಿ ಅಂದರೆ ಎಷ್ಟೋ ಮಕ್ಕಳು 35 ಅಂತ ಬರೆದಿರುತ್ತಾರೆ. ಇದನ್ನು ಅವಸರದ ತಪ್ಪು ಅಂದುಕೊಳ್ಳಬೇಡಿ. 2ರಲ್ಲಿ 7 ಹೋಗುವುದಿಲ್ಲ. ಹಾಗಾಗಿ ಮಗು 7ರಲ್ಲಿ 2 ಕಳೆದು 5 ಬರೆದಿದೆ. ‘ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಅನ್ನುವುದು ಅದರ ನಿಯಮ. ಹಿಂದಿನ ತರಗತಿಯಲ್ಲಿ ಆ ಮಾತನ್ನು ನಾವೇ ಹೇಳಿಕೊಟ್ಟಿರುತ್ತೇವೆ, ಅಲ್ವಾ? ಮಗು ಹೊಸದನ್ನು ತನ್ನ ಹಳೆಯ ತಿಳಿವಳಿಕೆಯೊಳಗೇ ಕೂರಿಸಿಕೊಳ್ಳಲು ನೋಡುತ್ತದೆ, ಕೂರದಿದ್ದಾಗ ಮಾತ್ರ ಆ ತಿಳಿವಳಿಕೆ ಬದಲಾಗುತ್ತದೆ ಅಂತ ಪಿಯಾಜೆ ಹೇಳಿದ್ದರು. ನಿಮ್ಮ ಪಾಠದಲ್ಲಿ ಆ ‘ಕೂರದ’ ಗಳಿಗೆ ಬರಲೇ ಇಲ್ಲ ಅನಿಸುತ್ತದೆ.

ಅದನ್ನು ತರುವುದು ಹೇಗೆ? ಹತ್ತು ಹತ್ತು ಕಡ್ಡಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿ. ಮಗುವಿನ ಮುಂದೆ 5 ಕಟ್ಟು, 2 ಬಿಡಿ ಕಡ್ಡಿ ಇಡಿ. ‘ನನಗೆ 27 ಕಡ್ಡಿ ಕೊಡು’ ಅನ್ನಿ. ಮಗು 2 ಕಟ್ಟು ಕೊಡುತ್ತದೆ, 2 ಬಿಡಿ ಕಡ್ಡಿ ಕೊಡುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಈಗ ನೀವು ಸುಮ್ನೆ ಕಾಯಬೇಕು. ಇದು ಕಷ್ಟ, ಬಾಯಿ ತುದಿಗೆ ಉತ್ತರ ಬಂದಿರುತ್ತದೆ. ಆದರೂ ತಡೆದುಕೊಳ್ಳಿ. ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸುಮಾರು ಒಂದೇ ಸೆಕೆಂಡು ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಅದನ್ನು ಮೂರು ಸೆಕೆಂಡು ಮಾಡಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ‘ಗೊತ್ತಿಲ್ಲ’ ಕಡಿಮೆಯಾಗುತ್ತದೆ. ಸ್ವಲ್ಪ ಹೊತ್ತಿಗೆ ಯಾರಾದರೊಬ್ಬರು ರಬ್ಬರ್ ಬ್ಯಾಂಡ್ ಬಿಚ್ಚುತ್ತಾರೆ. ಅವತ್ತಿನ ಪಾಠ ಇರುವುದು ಅಲ್ಲೇ.

ಯಾರೂ ಬಿಚ್ಚದಿದ್ದರೆ? ‘ಇನ್ನೂ 5 ಬೇಕು, ಎಲ್ಲಿವೆ?’ ಅಂತ ಮಾತ್ರ ಕೇಳಿ. ಒಬ್ಬರೇ ಮಾಡಲಾಗದ, ಆದರೆ ಸಣ್ಣ ನೆರವು ಸಿಕ್ಕರೆ ಮಾಡಬಹುದಾದ ಜಾಗವೊಂದಿದೆ. ವೈಗೊಟ್‌ಸ್ಕಿ ಗುರುತಿಸಿದ್ದು ಅದನ್ನೇ. ಪೂರ್ತಿ ಹೇಳಿಬಿಟ್ಟರೆ ಆ ಜಾಗ ಕೈ ತಪ್ಪುತ್ತದೆ.

ಮರುದಿನ ಕಡ್ಡಿಯ ಚಿತ್ರ ಬರೆಯಿಸಿ, ಅದರ ಮುಂದಿನ ದಿನ ಅಂಕಿ. ಕೈ, ಚಿತ್ರ, ಸಂಕೇತ ಅನ್ನುವ ಈ ದಾರಿ ಮನೋವಿಜ್ಞಾನಿ ಬ್ರೂನರ್ ಅವರದು. ಮೂರನ್ನೂ ಒಂದೇ ಪೀರಿಯಡ್‌ನಲ್ಲಿ ತುರುಕಬೇಡಿ. ಹೊಸ ವಿಷಯವನ್ನು ಒಮ್ಮೆಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ದೊಡ್ಡವರಿಗೇ ಕಡಿಮೆ. ಮಕ್ಕಳಿಗೆ ಇನ್ನೂ ಕಡಿಮೆ.

ಅಭ್ಯಾಸ ಮಾಡಿಸಿ ತಕ್ಷಣ ಸರಿ ತಪ್ಪು ತಿಳಿಸಬೇಕು ಅಂದ ಸ್ಕಿನ್ನರ್ ಇಲ್ಲಿ ಬೇಡವೇ? ಬೇಕು, ಆದರೆ ಅರ್ಥವಾದ ಮೇಲೆ. ಅಭ್ಯಾಸಕ್ಕೆ ಮೂರು ಲೆಕ್ಕ ಕೊಟ್ಟು ಅಲ್ಲೇ ಸರಿ ತಪ್ಪು ಹೇಳಿ. ಸುಮ್ನೆ ಇಪ್ಪತ್ತು ಲೆಕ್ಕ ಮನೆಗೆ ಕೊಟ್ಟರೆ ಮಗು ತಪ್ಪನ್ನೇ ಇಪ್ಪತ್ತು ಸಲ ಅಭ್ಯಾಸ ಮಾಡಿ ತರುತ್ತದೆ.

ಇನ್ನು ಯೋಜನೆಯ ಮಾತು. ‘ಮಕ್ಕಳಿಗೆ ಕಳೆಯುವ ಲೆಕ್ಕ ಅರ್ಥವಾಗುತ್ತದೆ’ ಅಂತ ಬರೆಯಬೇಡಿ, ಅರ್ಥವಾಗಿದ್ದು ಕಣ್ಣಿಗೆ ಕಾಣುವುದಿಲ್ಲ. ‘ಮಗು 63ರಲ್ಲಿ 28 ಕಳೆದು, ಯಾವ ಕಟ್ಟು ಬಿಚ್ಚಿದೆ ಅಂತ ತೋರಿಸುತ್ತದೆ’ ಅಂತ ಬರೆಯಿರಿ. ಅದನ್ನೇ ಕೊನೆಯ ಐದು ನಿಮಿಷಕ್ಕೆ ಚೀಟಿಯಲ್ಲಿ ಕೊಡಿ. ಆಮೇಲೆ ಹಿಂದಕ್ಕೆ ಬನ್ನಿ: ಅಲ್ಲಿಗೆ ಮುಟ್ಟಲು ಮಕ್ಕಳು ಏನು ಮಾಡಬೇಕು? ನೀವು ಏನು ಹೇಳಬೇಕು ಅನ್ನುವುದು ಕೊನೆಗೆ ಬರಲಿ. ಸಂಜೆ ಚೀಟಿಗಳನ್ನು ಮೂರು ಗುಂಪು ಮಾಡಿ: ಸರಿ ಉತ್ತರ 35 ಬಂದವು, 45 ಬಂದವು, ಬೇರೆ ಉತ್ತರ ಬಂದವು. 45 ಅಂದರೆ ಆ ಹಳೆಯ ನಿಯಮ ಇನ್ನೂ ಬಿಟ್ಟಿಲ್ಲ. ನಾಳೆಯ ಯೋಜನೆ ಆ ಗುಂಪಿನಿಂದ ಶುರುವಾಗಲಿ. ವಾರ ಬಿಟ್ಟು ಮತ್ತೆ ಎರಡು ಲೆಕ್ಕ ಕೇಳುವುದನ್ನು ಮರೆಯಬೇಡಿ. ಕಲಿತದ್ದು ಮೊದಲ ಕೆಲವು ದಿನಗಳಲ್ಲೇ ಜಾಸ್ತಿ ಮರೆತುಹೋಗುತ್ತದೆ ಅಂತ ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ಬರೆದಿದ್ದರು.

ಪ್ರಶ್ನೆ: ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಅಂತ ಮಕ್ಕಳನ್ನು ವಿಂಗಡಿಸಿ ಮೂರು ಯೋಜನೆ ಬರೆಯಬೇಕೇ?

ಉತ್ತರ: ಬೇಡ. ಹಾಗೆ ವಿಂಗಡಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂತ ಮನೋವಿಜ್ಞಾನಿ ಹೆರಾಲ್ಡ್ ಪಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಹೇಳಿದ್ದಾರೆ. ನಕಾಶೆ ಎಲ್ಲರೂ ನೋಡಲೇಬೇಕು, ಪದ್ಯ ಎಲ್ಲರೂ ಕೇಳಲೇಬೇಕು. ಎರಡು ಯೋಜನೆ ಬರೆಯುವ ಹೊತ್ತು ಉಳಿಯಿತಲ್ಲ, ಅದನ್ನು ಆ ಚೀಟಿಗಳನ್ನು ನೋಡಲು ಇಟ್ಟುಕೊಳ್ಳಿ.