2.8 ಮೀಟರ್ ದಾರಿಗೆ ಯಾವ ಫೋರ್ಕ್‌ಲಿಫ್ಟ್ ಸರಿ?

ರ‍್ಯಾಕ್‌ಗಳ ನಡುವೆ 2.8 ಮೀಟರ್ ದಾರಿ, ಮೇಲಿನ ಹಂತ 5 ಮೀಟರ್, 1000×1200 ಮಿ.ಮೀ. ಪ್ಯಾಲೆಟ್‌ಗೆ (ಸರಕು ಇಡುವ ಹಲಗೆಗೆ) 1 ಟನ್ ಭಾರ, ರೀಚ್ ಟ್ರಕ್ (ಸರಕು ಎತ್ತುವ ಫೋರ್ಕನ್ನು ಮುಂದಕ್ಕೆ ಚಾಚಿ ಹಿಂದಕ್ಕೆಳೆದುಕೊಳ್ಳುವ ಫೋರ್ಕ್‌ಲಿಫ್ಟ್) ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಆರ್ಡರ್ ಕೊಡುವ ಮುಂಚೆ ಟೇಪ್ ಹಿಡಿದು ಇನ್ನೊಮ್ಮೆ ಅಳೆಯಿರಿ. 2.8 ಅನ್ನೋದು ಕಂಬದಿಂದ ಕಂಬಕ್ಕಾ, ಅಥವಾ ಇಟ್ಟ ಸರಕಿನಿಂದ ಸರಕಿಗಾ? ಪ್ಯಾಲೆಟ್‌ಗಳು ತಾವು ಕೂರುವ ಅಡ್ಡ ಬೀಮ್ ದಾಟಿ 5ರಿಂದ 10 ಸೆಂ.ಮೀ. ಹೊರಗೆ ಚಾಚಿರುತ್ತವೆ. ಎರಡೂ ಕಡೆ ಹತ್ತತ್ತು ಹೋದರೆ ಉಳಿಯೋದು 2.6 ಮಾತ್ರ.

ರೀಚ್ ಟ್ರಕ್‌ಗೆ ಸಾಮಾನ್ಯವಾಗಿ 2.7ರಿಂದ 3 ಮೀಟರ್ ಬೇಕು. ಡೇಟಾ ಶೀಟಿನಲ್ಲಿ ‘ಎಎಸ್‌ಟಿ’ (Ast) ಅಂತ ಇರೋದೇ ಆ ಅಗಲ. ಪ್ಯಾಲೆಟ್ ಉದ್ದಕ್ಕೆ ಹಿಡಿದರೆ ಒಂದು, ಅಡ್ಡಕ್ಕೆ ಹಿಡಿದರೆ ಇನ್ನೊಂದು ಅಂಕಿ ಇರುತ್ತದೆ, ನೀವು ಹಿಡಿಯುವ ರೀತಿಯದ್ದನ್ನೇ ನೋಡಿ. ಅದರಲ್ಲಿ ಸೇರಿರುವ ತೆರಪು ಒಟ್ಟು 200 ಮಿ.ಮೀ., ಅಂದರೆ ಒಂದೊಂದು ಬದಿಗೆ ಅಂಗೈಯಗಲ. ದಿನವಿಡೀ ಓಡಿಸುವವರಿಗೆ ಅದು ಸಾಲದು, ಇನ್ನೂ 15 ಸೆಂ.ಮೀ. ಸೇರಿಸಿಕೊಳ್ಳಿ ಅಂತ ನಾನು ಹೇಳುತ್ತೇನೆ.

ರ‍್ಯಾಕಿನ ಒಂದು ಸಾಲನ್ನು 30 ಸೆಂ.ಮೀ. ಹಿಂದೆ ಸರಿಸಲು ಜಾಗವಿದ್ದರೆ ರೀಚ್ ಟ್ರಕ್ಕೇ ನನ್ನ ಮೊದಲ ಆಯ್ಕೆ. ಸಾಲು ಖಾಲಿ ಮಾಡಿ, ಬೋಲ್ಟ್ ಬಿಚ್ಚಿ, ಹೊಸ ಜಾಗದಲ್ಲಿ ಮತ್ತೆ ನೆಲಕ್ಕೆ ಕಚ್ಚಿಸುವ ಕೆಲಸವನ್ನು ರ‍್ಯಾಕ್ ಕೂರಿಸಿದವರಿಂದಲೇ ಮಾಡಿಸಿ. ಆದರೆ ನೆಲ ನೋಡಿಕೊಳ್ಳಿ. ರೀಚ್ ಟ್ರಕ್ಕಿನ ಚಕ್ರಗಳು ಚಿಕ್ಕವು, ಗಟ್ಟಿ ಪಾಲಿಯುರೆಥೇನಿನವು. ಕಿತ್ತುಹೋದ ಕಾಂಕ್ರೀಟ್ ಜಾಯಿಂಟ್ ಮೇಲೆ ಹಾಯುತ್ತಿದ್ದರೆ ಚಕ್ರದ ಅಂಚು ಕಿತ್ತುಬರುತ್ತದೆ. 1.2 ಮೀಟರ್ ಅಂತರದ ಎರಡು ಚಕ್ರಗಳಲ್ಲಿ ಒಂದು 5 ಮಿ.ಮೀ. ತಗ್ಗಿನಲ್ಲಿದ್ದರೆ 5 ಮೀಟರ್ ಎತ್ತರದಲ್ಲಿ ಮಾಸ್ಟ್ (ಫೋರ್ಕ್ ಏರಿಳಿಯುವ ಕಂಬ) ಸುಮಾರು 2 ಸೆಂ.ಮೀ. ವಾಲುತ್ತದೆ. ಫೋರ್ಕ್ ಪ್ಯಾಲೆಟ್ಟಿನ ಕಿಂಡಿ ತಪ್ಪೋದು ಅಲ್ಲೇ.

ರ‍್ಯಾಕ್ ಸರಿಸಲು ಆಗದಿದ್ದರೆ ಆರ್ಟಿಕ್ಯುಲೇಟೆಡ್ ಫೋರ್ಕ್‌ಲಿಫ್ಟ್ ನೋಡಿ. ಗಾಡಿ ದಾರಿಯಲ್ಲಿ ನೇರ ನಿಂತಿರುವಾಗಲೇ ಮಾಸ್ಟ್ ಇರುವ ಮುಂಭಾಗ ಮಾತ್ರ ಪಕ್ಕಕ್ಕೆ ತಿರುಗುತ್ತದೆ, ಸುಮಾರು 2 ಮೀಟರ್ ಸಾಕು. ಹೊರಗೆ ಅಂಗಳಕ್ಕೂ ಹೋಗಿ ಲಾರಿ ಇಳಿಸಬಲ್ಲದು. ಬೆಲೆ ಹೆಚ್ಚು. ಮಾಮೂಲಿ ಫೋರ್ಕ್‌ಲಿಫ್ಟ್ ಓಡಿಸಿ ಕೈ ಪಳಗಿದವರಿಗೂ ಬೇರೆ ತರಬೇತಿ ಬೇಕು.

ಹಿಂದೆ ನಡೆದು ಓಡಿಸುವ ಎಲೆಕ್ಟ್ರಿಕ್ ಸ್ಟ್ಯಾಕರ್ ಸುಮಾರು 2.3–2.5 ಮೀಟರಿನಲ್ಲಿ ತಿರುಗುತ್ತದೆ. ಆದರೆ ಅದರ ಕಾಲುಗಳು ಫೋರ್ಕಿನ ಕೆಳಗೇ ಇರುತ್ತವೆ. ಅಡಿಯಲ್ಲಿ ಅಡ್ಡಪಟ್ಟಿ ಇರುವ ಪ್ಯಾಲೆಟ್ ಆದರೆ ಕಾಲು ಪಟ್ಟಿಗೆ ತಾಗಿ ಒಳಗೆ ಹೋಗೋದೇ ಇಲ್ಲ. ಆಗ ಕಾಲುಗಳು ಪ್ಯಾಲೆಟ್ಟಿನ ಎರಡು ಪಕ್ಕ ಬರುವ ಸ್ಟ್ರ್ಯಾಡಲ್ ಸ್ಟ್ಯಾಕರ್ ಬೇಕು.

ಗಾಡಿ ತಿರುಗದೆ ಫೋರ್ಕ್ ಮಾತ್ರ ಎರಡೂ ಪಕ್ಕಕ್ಕೆ ತಿರುಗುವ ಟರೆಟ್ ಟ್ರಕ್‌ಗೆ 1.6–1.8 ಮೀಟರ್ ಸಾಕಾದರೂ ಕನ್ನಡಿಯಂಥ ನೆಲ, ಗೈಡ್ ರೈಲು ಅಥವಾ ನೆಲದೊಳಗೆ ವೈರು ಬೇಕು. 5 ಮೀಟರ್ ಎತ್ತರಕ್ಕೆ ಅಷ್ಟು ಖರ್ಚು ದಂಡ. ಮೂರು ಚಕ್ರದ ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟಿಗೂ 3.2 ಮೀಟರಿನ ಮೇಲೆ ಬೇಕು, ಬಿಟ್ಟುಬಿಡಿ.

ಯಾವುದೇ ಆರಿಸಿ, ‘1.5 ಟನ್’ ಅನ್ನೋ ಹೆಸರನ್ನು ನಂಬಬೇಡಿ. ಎತ್ತರ ಏರಿದಂತೆ ತಾಕತ್ತು ಇಳಿಯುತ್ತದೆ, ಸ್ಟ್ಯಾಕರ್ ಅಂತೂ 5 ಮೀಟರಿನಲ್ಲಿ 1 ಟನ್ ಕೂಡ ಎತ್ತದಿರಬಹುದು. ನಿಮ್ಮ ಪ್ಯಾಲೆಟ್ ಉದ್ದಕ್ಕೆ, 5 ಮೀಟರಿಗೆ ಎಷ್ಟು ಕೆ.ಜಿ. ಅಂತ ಬರಹದಲ್ಲಿ ಕೇಳಿ. ಜೊತೆಗೆ ಮಾಸ್ಟ್ ಪೂರ್ತಿ ಇಳಿಸಿದಾಗಿನ ಎತ್ತರವನ್ನು ಗೋದಾಮಿನ ಬಾಗಿಲಿನ ಎತ್ತರದ ಜೊತೆ ಹೋಲಿಸಿ ನೋಡಿ.