ಓದುಗರ ಪ್ರಶ್ನೆ: ಮಲೆನಾಡಿನ ಮಳೆ, ಲಸಿಕೆ ಮತ್ತು ಬಸುರಿಯರ ಊಟ

ಪ್ರಶ್ನೆ: ನಾನು ಹೊಸನಗರ ಕಡೆಯ ಆಶಾ ಕಾರ್ಯಕರ್ತೆ. ಜುಲೈ ಬಂತು ಅಂದರೆ ಕರೆಂಟು ಎರಡೆರಡು ದಿನ ಇರುವುದಿಲ್ಲ. ‘ಫ್ರಿಡ್ಜ್ ಆಫ್ ಆಗಿತ್ತಲ್ಲ, ಲಸಿಕೆ ಕೆಟ್ಟಿರಲ್ವಾ?’ ಅಂತ ತಾಯಂದಿರು ಕೇಳುತ್ತಾರೆ. ಹಳ್ಳ ತುಂಬಿ ಗುರುವಾರದ ಲಸಿಕೆ ತಪ್ಪಿಸಿಕೊಂಡ ಮಕ್ಕಳದ್ದು ಇನ್ನೊಂದು ಚಿಂತೆ.

ಉತ್ತರ: ತಾಯಂದಿರು ಕೇಳುವುದು ಸರಿಯಾಗಿಯೇ ಇದೆ, ಬೈಯಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿರುವುದು ನಮ್ಮ ಮನೆ ಫ್ರಿಡ್ಜ್ ಅಲ್ಲ, ಲಸಿಕೆಗೆಂದೇ ಇರುವ ಐಸ್ ಲೈನ್ಡ್ ರೆಫ್ರಿಜರೇಟರ್, ಅಂದರೆ ಐಎಲ್‌ಆರ್. ಅದರ ಗೋಡೆಯೊಳಗೇ ಮಂಜುಗಡ್ಡೆ ಇರುತ್ತದೆ, ಬಾಗಿಲು ಮೇಲಕ್ಕೆ ತೆರೆಯುತ್ತದೆ, ದಿನಕ್ಕೆ 8 ಗಂಟೆ ಕರೆಂಟ್ ಸಿಕ್ಕರೂ ಒಳಗಿನ ತಂಪು 2ರಿಂದ 8 ಡಿಗ್ರಿ ನಡುವೆ ನಿಲ್ಲುತ್ತದೆ. ಕರೆಂಟ್ ಹೋದಾಗ ಸುಮ್ನೆ ಮುಚ್ಚಳ ತೆಗೆದು ನೋಡುವ ಚಾಳಿ ಬಿಡಬೇಕು ಅಷ್ಟೆ. ಇಡೀ ದಿನ ಕರೆಂಟ್ ಬರುವ ಸೂಚನೆಯೇ ಇಲ್ಲ ಅಂದಾಗ ಲಸಿಕೆಯನ್ನು ಕೋಲ್ಡ್ ಬಾಕ್ಸಿಗೆ ತುಂಬಿ ಪಕ್ಕದ ಕೇಂದ್ರಕ್ಕೆ ಸಾಗಿಸಬೇಕು. ಯಾವ ಕೇಂದ್ರ, ಯಾರ ಗಾಡಿ, ಯಾರ ಫೋನ್ ನಂಬರ್ ಅನ್ನುವುದು ಮಳೆ ಹಿಡಿಯುವ ಮೊದಲೇ ಗೋಡೆ ಮೇಲೆ ಬರೆದಿರಬೇಕು.

ಎಲ್ಲರೂ ಬಿಸಿಗೆ ಹೆದರುತ್ತಾರೆ. ನನಗೆ ಹೆಚ್ಚು ಭಯ ಹೆಪ್ಪುಗಟ್ಟುವುದರದ್ದು. ಪೆಂಟಾವೇಲೆಂಟ್ (ಐದು ರೋಗಗಳಿಗೆ ಒಂದೇ ಲಸಿಕೆ, ‘ಪೆಂಟಾ’), ಟಿಡಿ (ಧನುರ್ವಾಯು, ಗಂಟಲಮಾರಿಯದ್ದು), ಹೆಪಟೈಟಿಸ್ ಬಿ ಲಸಿಕೆಗಳು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಿಸಿದರೂ ಕೆಲಸಕ್ಕೆ ಬರುವುದಿಲ್ಲ. ನೋಡಲು ಏನೂ ಗೊತ್ತಾಗದೆ ಇರಬಹುದು, ಸೂಜಿ ಚುಚ್ಚಿಯೂ ಆಗಿರುತ್ತದೆ, ಮಗುವಿಗೆ ರಕ್ಷಣೆ ಮಾತ್ರ ಸಿಕ್ಕಿರುವುದಿಲ್ಲ. ಅದಕ್ಕೇ ಲಸಿಕೆ ಹೊತ್ತೊಯ್ಯುವ ಕ್ಯಾರಿಯರ್‌ಗೆ ಐಸ್‌ಪ್ಯಾಕ್ ಹಾಕುವ ಮುಂಚೆ ಹೊರಗಿಟ್ಟು, ಮೈಮೇಲೆ ನೀರು ಒಡೆಯುವ ತನಕ ಕಾದು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ನೀರಿನ ಸದ್ದು ಕೇಳಿದರೆ ಹಾಕಬಹುದು. ಬೆಳಿಗ್ಗೆ ಜೀಪು ಹಾರ್ನ್ ಹೊಡೆಯುವಾಗ ಈ ಸಣ್ಣ ಕೆಲಸವೇ ಮೊದಲು ಬಿಟ್ಟುಹೋಗುವುದು.

ತಾಯಂದಿರಿಗೆ ಸೀಸೆಯನ್ನೇ ತೋರಿಸಿ. ಮೇಲಿರುವ ವೃತ್ತದೊಳಗೆ ಒಂದು ಚೌಕವಿದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಿಸಿ ತಾಗಿ ಕೆಟ್ಟಿಲ್ಲ ಎಂದರ್ಥ. ಎರಡೂ ಒಂದೇ ಬಣ್ಣ ಆಗಿದ್ದರೆ ಅಥವಾ ಚೌಕವೇ ಕಪ್ಪಾಗಿದ್ದರೆ ಎಸೆಯಬೇಕು. ಹೆಪ್ಪುಗಟ್ಟಿದ್ದನ್ನು ಮಾತ್ರ ಈ ಗುರುತು ಹೇಳುವುದಿಲ್ಲ, ಅದಕ್ಕೆ ನಿಮ್ಮ ಕಿವಿಯೇ ಗತಿ.

ತಪ್ಪಿದ ಮಕ್ಕಳಿಗೆ ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ. ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಸಿ, ಎರಡು ಡೋಸ್ ನಡುವೆ ಕನಿಷ್ಠ 4 ವಾರ ಇರಲಿ. ಆದರೆ ಮಳೆಗೆ ಹೆದರಿ 6 ವಾರ ತುಂಬುವ ಮೊದಲೇ ಪೆಂಟಾ ಕೊಡುವ ಹಾಗಿಲ್ಲ. ತಾರೀಖು ಬದಲಿಸಲು ಆಗದಿದ್ದರೆ ಜಾಗ ಬದಲಿಸಬಹುದಲ್ವಾ? ಕಾಲುಸಂಕ ಮುಳುಗುವ ಕಡೆ ಹಳ್ಳದ ಆಚೆ ಬದಿಯ ಶಾಲೆಯ ಜಗುಲಿಯಲ್ಲೇ ಒಂದು ದಿನ ಕೂರಿ. ಮೃಗಶಿರ ಮಳೆಗೆ ಮುಂಚೆಯೇ ಸೆಪ್ಟೆಂಬರ್‌ವರೆಗಿನ ಮಕ್ಕಳ ಪಟ್ಟಿ ಮಾಡಿ ವೈದ್ಯಾಧಿಕಾರಿಗೆ ಕೊಟ್ಟಿದ್ದರೆ ಇದು ಕಷ್ಟವೇನಲ್ಲ.

ಪ್ರಶ್ನೆ: 9 ತಿಂಗಳ ಮಗುವಿಗೆ ದಡಾರದ ಲಸಿಕೆ ಹಾಕಿಸಲು ಎರಡು ಬಸ್ಸು ಬದಲಿಸಿ ಹೋದೆ. ‘ಒಂದೇ ಮಗುವಿಗೆ ಸೀಸೆ ಒಡೆಯಲ್ಲ, ಮುಂದಿನ ವಾರ ಬನ್ನಿ’ ಅಂದರು. ಇದು ಸರಿಯಾ?

ಉತ್ತರ: ಸರಿಯಲ್ಲ. ದಡಾರ-ರುಬೆಲ್ಲಾ ಸೀಸೆಯಲ್ಲಿ ಹಲವು ಡೋಸ್ ಇರುತ್ತವೆ, ತೆರೆದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು, ಅದಕ್ಕೇ ಸಿಬ್ಬಂದಿಗೆ ಕೈ ಬರುವುದಿಲ್ಲ. ಕ್ಷಯದ ಲಸಿಕೆ ಬಿಸಿಜಿ ಕತೆಯೂ ಇದೇ. ಆದರೆ ಒಂದೇ ಮಗು ಬಂದರೂ ಸೀಸೆ ತೆರೆಯಬೇಕು, ಹಾಳಾಗುವ ಡೋಸುಗಳ ಲೆಕ್ಕ ಹಿಡಿದೇ ಲಸಿಕೆ ಕಳಿಸಿರುತ್ತಾರೆ. ವಾಪಸ್ ಹೋದ ತಾಯಿ ಮುಂದಿನ ವಾರ ಬಂದೇ ಬರುತ್ತಾಳೆ ಅನ್ನುವುದಕ್ಕೆ ಏನು ಗ್ಯಾರಂಟಿ? ನೀವು ಮತ್ತೆ ಹೋಗಿ, ತಡವಾಗಿದ್ದರೂ ಹಾಕಿಸಿ. ಮತ್ತೆ ಇಲ್ಲ ಅಂದರೆ ವೈದ್ಯಾಧಿಕಾರಿಯನ್ನೇ ಕೇಳಿ.

ಪ್ರಶ್ನೆ: ಸೊಸೆಗೆ 5 ತಿಂಗಳು. ಹಿಮೋಗ್ಲೋಬಿನ್ 9. ಕಬ್ಬಿಣದ ಮಾತ್ರೆ ತಿಂದರೆ ವಾಕರಿಕೆ ಅಂತ ಬಿಟ್ಟಿದ್ದಾಳೆ. ಅಂಗನವಾಡಿ ಊಟಕ್ಕೆ ಗುಡ್ಡ ಇಳಿದು ಹೋಗಬೇಕು, ಹೋಗುವುದಿಲ್ಲ. (ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಬಸುರಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 9 ಅಂದರೆ ದಿನಕ್ಕೆ ಒಂದಲ್ಲ, ಎರಡು ಮಾತ್ರೆ ಬೇಕು, ತಿಂಗಳಿಗೊಮ್ಮೆ ರಕ್ತ ಪರೀಕ್ಷೆಯೂ ಬೇಕು. ಒಂದು ತಿಂಗಳಾದರೂ ಏರದಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ. 7ಕ್ಕಿಂತ ಕೆಳಗೆ ಹೋದರೆ ಮನೆಯಲ್ಲಿಟ್ಟುಕೊಳ್ಳುವ ಮಾತೇ ಇಲ್ಲ.

ವಾಕರಿಕೆ ಸುಳ್ಳಲ್ಲ. ರಾತ್ರಿ ಊಟವಾಗಿ ಸ್ವಲ್ಪ ಹೊತ್ತು ಬಿಟ್ಟು, ಮಲಗುವ ಮುಂಚೆ ನುಂಗಲಿ. ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ. ಮಾತ್ರೆಯ ಆಸುಪಾಸು ಕಾಫಿ, ಟೀ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ಕನಿಷ್ಠ 2 ಗಂಟೆ ಬಿಡಿ. ನಿಂಬೆಹಣ್ಣು, ನೆಲ್ಲಿಕಾಯಿ ಜೊತೆಗಿದ್ದರೆ ಒಳ್ಳೆಯದು. ಎಲೆಅಡಿಕೆ ಅಭ್ಯಾಸ ಇದ್ದರೆ ಬಿಡಿಸಿ (ಅಡಿಕೆ ಬೆಳೆಯುವವರಿಗೇ ಇದನ್ನು ಹೇಳಬೇಕು ನೋಡಿ).

ಇನ್ನೊಂದು ಸಂಗತಿ ನಮ್ಮ ಕಡೆ ಯಾರೂ ಕೇಳುವುದಿಲ್ಲ. ಅವಳು ಬರಿಗಾಲಲ್ಲಿ ತೋಟಕ್ಕೆ ಹೋಗುತ್ತಾಳಾ? ಒದ್ದೆ ಮಣ್ಣಿನಲ್ಲಿ ಕೊಕ್ಕೆಹುಳ ಪಾದದಿಂದಲೇ ಒಳಗೆ ಹೋಗಿ ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಎಷ್ಟು ಹರಿವೆ ಸೊಪ್ಪು ತಿಂದರೂ ಅಷ್ಟೇ. ಮೂರು ತಿಂಗಳು ಕಳೆದ ಬಸುರಿಯರಿಗೆ 400 ಮಿಲಿಗ್ರಾಂ ಅಲ್ಬೆಂಡಜೋಲ್ ಒಂದೇ ಒಂದು ಮಾತ್ರೆ ಕೊಡುತ್ತಾರೆ, ಕೊಟ್ಟಿದ್ದಾರಾ ಅಂತ ತಾಯಿ ಕಾರ್ಡಿನಲ್ಲಿ ನೋಡಿ. ಒಂದು ಜೊತೆ ಚಪ್ಪಲಿಯನ್ನೂ ತಂದುಕೊಡಿ.

ಊಟದ ವಿಷಯ. 2017ರ ಅಕ್ಟೋಬರ್ 2ರಂದು ರಾಜ್ಯ ಸರ್ಕಾರದ ಮಾತೃಪೂರ್ಣ ಯೋಜನೆ ಶುರುವಾದಾಗ ಉದ್ದೇಶ ಚೆನ್ನಾಗಿಯೇ ಇತ್ತು: ಮನೆಗೆ ಕೊಟ್ಟ ರೇಷನ್ನು ಎಲ್ಲರ ಪಾಲಾಗುತ್ತದೆ, ಅಂಗನವಾಡಿಯಲ್ಲೇ ಕೂತು ಅನ್ನ, ಸಾರು, ಮೊಟ್ಟೆ, ಹಾಲು, ಚಿಕ್ಕಿ ತಿಂದರೆ ಬಸುರಿಯ ಹೊಟ್ಟೆಗೇ ಹೋಗುತ್ತದೆ ಅಂತ. ಬಯಲುಸೀಮೆಯಲ್ಲಿ ಓಣಿ ತುದಿಗೆ ಅಂಗನವಾಡಿ ಇರುವ ಊರಿಗೆ ಇದು ಸರಿ. ಒಂದೊಂದು ಗುಡ್ಡಕ್ಕೆ ಒಂದೊಂದು ಮನೆ ಇರುವ ನಮ್ಮಲ್ಲಿ, ತುಂಬಿದ ಬಸುರಿ ಜಾರುವ ದಾರಿಯಲ್ಲಿ ಛತ್ರಿ ಹಿಡಿದು ಊಟಕ್ಕೆ ಹೋಗಿ ಬರುವುದೆಂದರೆ! ಹೋಗದವಳಿಗೆ ತಿಳುವಳಿಕೆ ಇಲ್ಲ ಅಂತ ವರದಿ ಬರೆಯುವುದು ಸುಲಭ. ನೀವು ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ ಈ ಮಾತು ಎತ್ತಿ, ಮಳೆಗಾಲಕ್ಕಾದರೂ ಮೊಟ್ಟೆ, ಹಾಲಿನಪುಡಿ, ಬೇಳೆ ಮನೆಗೆ ಕೊಡಲು ಮೇಲ್ವಿಚಾರಕಿಗೆ ಬರೆದು ಕೇಳಿ. ಕೋವಿಡ್ ಹೊತ್ತಿನಲ್ಲಿ ಮನೆಗೇ ಕೊಟ್ಟಿದ್ದರು. ಸಿಗುವ ತನಕ ಅವಳ ತಟ್ಟೆಗೆ ದಿನಾ ಮೊಟ್ಟೆಯೋ ಮೀನೋ, ನುಗ್ಗೆಸೊಪ್ಪೋ ಬೀಳಲಿ. ಎಲ್ಲರ ಊಟ ಆದ ಮೇಲೆ ಅವಳು ಕೂರುವುದಾದರೆ ಅದನ್ನು ನೀವೇ, ಅತ್ತೆಯೇ, ತಪ್ಪಿಸಬೇಕು.

ಪ್ರಶ್ನೆ: ಮೊದಲ ಹೆರಿಗೆಗೆ ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆಯ ಹಣ ಒಂದೇ ಕಂತು ಬಂತು. ಇನ್ನೊಂದು?

ಉತ್ತರ: ಒಟ್ಟು 5,000 ರೂಪಾಯಿ, ಮೊದಲು 3,000, ಆಮೇಲೆ 2,000. ಎರಡನೆಯದು ಮಗುವಿನ ಜನನ ನೋಂದಣಿ ಆಗಿ, 14 ವಾರದವರೆಗಿನ ಲಸಿಕೆ ಮುಗಿದ ಮೇಲೆ ಬರುತ್ತದೆ. ಇವೆರಡೂ ಆಗಿದ್ದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ನೋಡಿ, ಜಾಸ್ತಿ ಅಲ್ಲೇ ಸಿಕ್ಕಿಕೊಂಡಿರುತ್ತದೆ.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯ. ನಮ್ಮ ಉಪಕೇಂದ್ರಕ್ಕೆ ಕಾಯಂ ಸಿಸ್ಟರ್ ಇಲ್ಲ. ನಮ್ಮ ಕೈಲಿ ಏನಾಗುತ್ತದೆ?

ಉತ್ತರ: ನೇಮಕಾತಿ ನಿಮ್ಮ ಕೈಲಿಲ್ಲ. ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಅನ್ನುವ ನಿಯಮವಿದೆ, ಬಯಲಿನಲ್ಲಿ 5,000ಕ್ಕೆ. ನಿಮ್ಮಲ್ಲಿ ಎಷ್ಟು ಜನಕ್ಕೆ ಒಂದಿದೆ ಅಂತ ಲೆಕ್ಕ ತೆಗೆದು ತಾಲ್ಲೂಕು ಆರೋಗ್ಯಾಧಿಕಾರಿಗೆ ಠರಾವು ಕಳಿಸಿ. ಅಲ್ಲಿಯ ತನಕ ಪಕ್ಕದ ಉಪಕೇಂದ್ರದ ಸಿಸ್ಟರ್ ತಿಂಗಳಲ್ಲಿ ಯಾವ ದಿನ ನಿಮ್ಮೂರಿಗೆ ಬರುತ್ತಾರೆ ಅನ್ನುವುದನ್ನು ನಿಗದಿ ಮಾಡಿಸಿಕೊಳ್ಳಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ (ಯಾವುದಕ್ಕೆ ಖರ್ಚು ಅಂತ ಸಮಿತಿಯೇ ತೀರ್ಮಾನಿಸುವ ಹಣ) ಬರುತ್ತದೆ. ಅದನ್ನು ಗೋಡೆಬರಹಕ್ಕೆ ಸುರಿಯುವ ಬದಲು, ರಾತ್ರಿ ಹೆರಿಗೆ ನೋವು ಬಂದವಳನ್ನು ಕರೆದೊಯ್ಯಲು ಒಬ್ಬ ಜೀಪಿನವರ ಜೊತೆ ಈಗಲೇ ಮಾತಾಡಿಟ್ಟುಕೊಳ್ಳಿ. ಜುಲೈ, ಆಗಸ್ಟಿನಲ್ಲಿ ದಿನ ತುಂಬುವವರು ಯಾರ್‍ಯಾರು ಅಂತ ಆಶಾ ಹತ್ತಿರ ಕೇಳಿ. ಅವರಲ್ಲಿ ರಸ್ತೆ ಇಲ್ಲದ ಮನೆಯವರಿಗೆ, ಒಂದು ವಾರ ಮೊದಲೇ ಪೇಟೆ ಹತ್ತಿರದ ನೆಂಟರ ಮನೆಗೆ ಹೋಗಿರಲು ನೀವೇ ಹೋಗಿ ಹೇಳಿ.