ಕೀಲಿ ತಿರುಗದ ಇಗ್ನಿಷನ್ ಲಾಕ್: ಬದಲಿಸುವ ಮುನ್ನ

ನಮಸ್ಕಾರ. ನಿಮ್ಮ ಹದಿನೈದು ವರ್ಷ ಹಳೆಯ ಆಲ್ಟೊದಲ್ಲಿ ಕೀಲಿ ಸರಾಗವಾಗಿ ಒಳಹೋದರೂ ನಾಲ್ಕೈದು ಸಲ ಅಲುಗಾಡಿಸದೆ ತಿರುಗುತ್ತಿಲ್ಲ, ಇಗ್ನಿಷನ್ ಲಾಕನ್ನೇ ಬದಲಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಆತುರಪಟ್ಟು ಹೊಸ ಲಾಕ್ ಸೆಟ್ ಕೊಳ್ಳಬೇಡಿ.

ಮೊದಲು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಆಡಿಸುತ್ತ ಕೀಲಿ ತಿರುಗಿಸಿ. ಪ್ರತಿ ಸಲವೂ ಹಾಗೆ ಸಲೀಸಾಗಿ ತಿರುಗಿದರೆ, ತೊಂದರೆ ಬಹುಮಟ್ಟಿಗೆ ಸ್ಟೀರಿಂಗ್ ಲಾಕಿನ (ಕೀಲಿ ತೆಗೆದಾಗ ಸ್ಟೀರಿಂಗ್ ತಿರುಗದಂತೆ ಹಿಡಿಯುವ ಕೊಂಡಿಯ) ಬಿಗಿತದ್ದು. ಇಲ್ಲವಾದರೆ, ಮನೆಯಲ್ಲಿ ಬಳಸದೆ ಇಟ್ಟಿರುವ ಎರಡನೆಯ ಕೀಲಿಯನ್ನು ಹಾಕಿ ನೋಡಿ. ಎರಡನ್ನೂ ಪಕ್ಕಪಕ್ಕ ಬೆಳಕಿಗೆ ಹಿಡಿದರೆ, ದಿನಬಳಕೆಯ ಕೀಲಿಯ ಹಲ್ಲುಗಳ ಅಂಚು ದುಂಡಗಾಗಿದ್ದರೆ ಕಣ್ಣಿಗೇ ಕಾಣುತ್ತದೆ. ಲಾಕಿನ ಸಿಲಿಂಡರಿನೊಳಗೆ, ಅಂದರೆ ಕೀಲಿ ಹೊಕ್ಕು ತಿರುಗುವ ಉರುಳೆಯೊಳಗೆ, ಸ್ಪ್ರಿಂಗಿನ ಮೇಲೆ ಕುಳಿತ ತೆಳುವಾದ ಲೋಹದ ಬಿಲ್ಲೆಗಳು ಕೀಲಿಯ ಹಲ್ಲಿಗೆ ಹೊಂದಿಕೊಂಡು ಒಂದೇ ಮಟ್ಟಕ್ಕೆ ಬಂದಾಗ ಮಾತ್ರ ಅದು ತಿರುಗುವುದರಿಂದ, ಹಲ್ಲು ಸವೆದರೂ ಬಿಲ್ಲೆ ಸವೆದರೂ ಲಕ್ಷಣ ಒಂದೇ. ಎರಡನೆಯ ಕೀಲಿ ಚೆನ್ನಾಗಿ ತಿರುಗಿದರೆ ಅದನ್ನೇ ಮಾದರಿಯಾಗಿ ಕೊಟ್ಟು ಹೊಸದನ್ನು ಮಾಡಿಸಿ. ಸವೆದ ಕೀಲಿಯನ್ನು ಕೊಟ್ಟರೆ ಸವೆತವೂ ನಕಲಾಗುತ್ತದೆ. ಕೀಲಿಯಲ್ಲಿ ಇಮೊಬಿಲೈಸರ್ ಚಿಪ್ (ಕಾರು ಗುರುತಿಸದ ಕೀಲಿಯಿಂದ ಎಂಜಿನ್ ಚಾಲೂ ಆಗದಂತೆ ತಡೆಯುವ ಚಿಪ್) ಇದ್ದರೆ ಹೊಸ ಕೀಲಿಯ ಚಿಪ್ಪನ್ನೂ ಕಾರಿಗೆ ಪ್ರೋಗ್ರಾಮ್ ಮಾಡಿಸಲೇಬೇಕು. ಎಣ್ಣೆ ಹಾಕಬೇಡಿ, ಧೂಳು ಅಂಟಿ ಇನ್ನಷ್ಟು ಬಿಗಿಯಾಗುತ್ತದೆ; ಗ್ರಾಫೈಟ್ ಪುಡಿ ಒಳ್ಳೆಯದು.

ಇಷ್ಟಾದರೂ ಎರಡೂ ಕೀಲಿಗಳು ತೊಡಕು ಕೊಟ್ಟರೆ ಬಹುಮಟ್ಟಿಗೆ ಸಿಲಿಂಡರ್ ಸವೆದಿದೆ ಎಂದು ತಿಳಿಯಿರಿ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ತೆಗೆಯದೆ ಅದನ್ನು ಬಿಚ್ಚಲು ಕೈ ಹಾಕಬೇಡಿ. ಹಲವು ಕಾರುಗಳಲ್ಲಿ ಕೀಲಿಯನ್ನು ಎಸಿಸಿ (ಎಂಜಿನ್ ಇಲ್ಲದೆ ರೇಡಿಯೊದಂಥವು ಮಾತ್ರ ನಡೆಯುವ) ಸ್ಥಾನಕ್ಕೆ ತಿರುಗಿಸಿ, ಪಕ್ಕದ ಸಣ್ಣ ರಂಧ್ರದಲ್ಲಿರುವ ಪಿನ್ನನ್ನು ಒತ್ತಿದರೆ ಸಿಲಿಂಡರ್ ಹೊರಬರುತ್ತದೆ. ಇನ್ನು ಕೆಲವದರಲ್ಲಿ ಇಡೀ ಲಾಕನ್ನು ಬಿಚ್ಚಲಾಗದಂತೆ ಬೇಕೆಂದೇ ತಲೆ ಮುರಿದ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಅದು ಡ್ರಿಲ್ ಬೇಡುವ ಕೆಲಸವಾದ್ದರಿಂದ ಅನುಭವಿ ಮೆಕ್ಯಾನಿಕ್‌ಗೆ ಬಿಡಿ. ಬಾಗಿಲಿಗೂ ಅದೇ ಕೀಲಿ ಉಳಿಯಬೇಕೆಂದರೆ, ಹೊಸ ಸಿಲಿಂಡರಿನ ಬಿಲ್ಲೆಗಳನ್ನು ಹಳೆಯ ಕೀಲಿಗೆ ಹೊಂದಿಸಿಕೊಡುವಂತೆ ಬೀಗ ರಿಪೇರಿಯವರನ್ನು ಕೇಳಿ.